ಮೊಬೈಲ್ ಕೆಳಗಿಟ್ಟ ಮೇಲೆ ಕೈಗೆ ಏನು? ಮುಂಬಯಿಯ ದಿನಚರಿಯಲ್ಲಿ ಓದಿಗೆ ಜಾಗ ಮಾಡುವ ಬಗ್ಗೆ

ಡೊಂಬಿವಲಿ ಓದುಗ | ಭಾನುವಾರ ರಾತ್ರಿ 9.40

ಮೊಬೈಲ್ ನೋಡುವುದನ್ನು ಕಡಿಮೆ ಮಾಡಬೇಕು ಎಂದು ಹೇಳದವರು ಇವತ್ತು ಯಾರೂ ಇಲ್ಲ. ಆದರೆ ಹಾಗೆ ಉಳಿಸಿದ ಹೊತ್ತನ್ನು ಏನು ಮಾಡಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಅದು ಮರಳಿ ಮೊಬೈಲಿಗೇ ಸಂದಾಯವಾಗುತ್ತದೆ. ಆದ್ದರಿಂದ ಮೊಬೈಲ್ ಬಿಡುವುದು ಹೇಗೆ ಎಂದು ಕೇಳುವ ಬದಲು, ಓದಿಗೆ ಜಾಗ ಎಲ್ಲಿ ಮಾಡಿಕೊಂಡಿದ್ದೀರಿ ಎಂದು ನಿಮ್ಮನ್ನು ಕೇಳುತ್ತಿದ್ದೇನೆ.

ನಾನು ದಿನವೂ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ಮುಂಬಯಿಯ ಕೊನೆಯ ನಿಲ್ದಾಣವಾದ ಸಿಎಸ್‌ಎಂಟಿಗೆ ಹೋಗಿಬರುವವನು. ಮೊಬೈಲ್ ಬರುವ ಮುಂಚಿನ ಲೋಕಲ್ ನೆನಪಿರುವವರಿಗೆ ಪತ್ರಿಕೆ ಓದುವ ಆ ಕೈಚಳಕವೂ ನೆನಪಿರುತ್ತದೆ. ಪತ್ರಿಕೆಯನ್ನು ಉದ್ದಕ್ಕೆ ಮಡಚಿ, ಮತ್ತೆ ಅಡ್ಡಕ್ಕೆ ಮಡಚಿ, ಎರಡು ಅಂಕಣದಷ್ಟು ಅಗಲ ಮಾಡಿಕೊಂಡು, ಪಕ್ಕದವರ ಮೊಣಕೈಗೆ ತಾಗದಂತೆ ಓದಬೇಕು. ಪುಟ ತಿರುಗಿಸುವುದೆಂದರೆ ಇಡೀ ಮಡಿಕೆಯನ್ನು ಎದೆಯ ಮಟ್ಟದಲ್ಲೇ ಬಿಚ್ಚಿ ಮತ್ತೆ ಕಟ್ಟುವುದು. ಓದಿ ಮುಗಿದ ಹಾಳೆ ಎದುರಿನ ಸೀಟಿಗೆ ಹೋಗುತ್ತಿತ್ತು. ಮೂವರ ಸೀಟಿನ ತುದಿಗೆ ನಾಲ್ಕನೆಯವರಾಗಿ ಅರ್ಧ ಕುಳಿತವರೂ ಇದನ್ನು ಮಾಡುತ್ತಿದ್ದರು. ಈಗ ಗದ್ದಲವೂ ಅಷ್ಟೇ ಇದೆ, ಪ್ರಯಾಣದ ಹೊತ್ತೂ ಅಷ್ಟೇ ಇದೆ. ಹಾಗಾಗಿ ಓದಲು ಸಮಯವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ನನಗೆ ಒದಗಿದ ಉಪಾಯ ಇಷ್ಟೇ: ಚೀಲದ ಮುಂದಿನ ಖಾನೆಯಲ್ಲಿ ಪುಸ್ತಕ, ತಳದಲ್ಲಿ ಊಟದ ಡಬ್ಬಿಯ ಕೆಳಗೆ ಮೊಬೈಲ್. ಠಾಣೆ ದಾಟಿದ ಮೇಲೆ ಪುಸ್ತಕ ತೆಗೆಯುತ್ತೇನೆ, ದಾದರ್ ಬರುವಾಗ ಮುಚ್ಚುತ್ತೇನೆ. ಗಡಿಯಾರ ನೋಡಿ ಓದುವುದಕ್ಕಿಂತ ನಿಲ್ದಾಣ ನೋಡಿ ಓದುವುದು ಸುಲಭ. ನೀವೆಲ್ಲ ಏನು ಮಾಡುತ್ತಿದ್ದೀರಿ?

ಲೇಡೀಸ್ ಡಬ್ಬಾ | ಭಾನುವಾರ ರಾತ್ರಿ 10.15

ಅಣ್ಣ, ನಿಮ್ಮ ಉಪಾಯ ಚೆನ್ನಾಗಿದೆ. ಆದರೆ ಬೆಳಿಗ್ಗೆ ಎಂಟೂವರೆಗೆ ಮಹಿಳೆಯರ ಡಬ್ಬಾದಲ್ಲಿ ನಿಂತು ಪುಸ್ತಕ ತೆರೆಯಲು ಸಾಧ್ಯವೇ ಇಲ್ಲ. ಒಂದು ಕೈ ಮೇಲಿನ ಹಿಡಿಕೆಯಲ್ಲಿ, ಇನ್ನೊಂದು ಕೈ ಎದೆಗವುಚಿದ ಚೀಲದ ಮೇಲೆ. ಮೊಬೈಲ್ ಗೆಲ್ಲುವುದು ಇಲ್ಲಿಯೇ: ಅದನ್ನು ಒಂದೇ ಹೆಬ್ಬೆರಳಿನಲ್ಲಿ ನೋಡಬಹುದು.

ಇನ್ನೂ ಒಂದು ಮಾತಿದೆ. ಗಂಡಸರ ಬಿಡುವು ಗಂಟೆಯ ಲೆಕ್ಕದಲ್ಲಿ ಸಿಗುತ್ತದೆ, ನಮ್ಮದು ಚೂರುಚೂರಾಗಿ ಸಿಗುತ್ತದೆ. ಕುಕ್ಕರ್ ಮೂರನೆಯ ಸೀಟಿ ಹೊಡೆಯುವವರೆಗೆ ಒಂದಿಷ್ಟು, ಮಗ ಟ್ಯೂಷನ್‌ನಿಂದ ಬರುವವರೆಗೆ ಒಂದಿಷ್ಟು. ಆ ಚೂರುಗಳಿಗೆ ಮುನ್ನೂರು ಪುಟದ ಕಾದಂಬರಿ ಹೊಂದುವುದಿಲ್ಲ. ಎಲ್ಲಿಗೆ ನಿಲ್ಲಿಸಿದ್ದೆ ಎಂದು ಹುಡುಕುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ. ನನಗೆ ಹೊಂದಿದ್ದು ವಚನಗಳು. ಅಡುಗೆಮನೆಯ ಕಟ್ಟೆಯ ಮೇಲೆ, ಉಪ್ಪಿನ ಭರಣಿಯ ಪಕ್ಕದಲ್ಲಿ ವಚನಗಳ ಪುಸ್ತಕವೊಂದನ್ನು ಇಟ್ಟಿದ್ದೇನೆ. ಐದಾರು ಸಾಲು ಓದುವುದಕ್ಕೆ ಎರಡು ನಿಮಿಷ ಸಾಕು. ಅಲ್ಲಮನ ವಚನವಾದರೆ ಆ ಐದಾರು ಸಾಲು ಸಂಜೆಯವರೆಗೂ ತಲೆಯಲ್ಲಿ ಕುಳಿತಿರುತ್ತದೆ. ರೀಲ್ಸ್ ನೋಡಿದ ಎರಡು ನಿಮಿಷ ಹಾಗೆ ಉಳಿದದ್ದು ನನಗೆ ನೆನಪಿಲ್ಲ.

ಹಾಗಾಗಿ ನನ್ನ ಸಲಹೆ: ಪುಸ್ತಕ ಆರಿಸುವ ಮೊದಲು ನಿಮ್ಮ ಬಿಡುವಿನ ಅಳತೆ ನೋಡಿಕೊಳ್ಳಿ.

ಕಲೀನಾ ವಿದ್ಯಾರ್ಥಿನಿ | ಭಾನುವಾರ ರಾತ್ರಿ 11.05

ನಾನು ಮನಶ್ಶಾಸ್ತ್ರ ಓದುತ್ತಿರುವವಳು. ಲೇಡೀಸ್ ಡಬ್ಬಾ ಅಕ್ಕ ಉಪ್ಪಿನ ಭರಣಿಯ ಪಕ್ಕ ಪುಸ್ತಕ ಇಟ್ಟದ್ದೂ, ಡೊಂಬಿವಲಿ ಅಣ್ಣ ನಿಲ್ದಾಣಕ್ಕೆ ಓದನ್ನು ಕಟ್ಟಿದ್ದೂ ಒಂದೇ ತತ್ತ್ವ. ದಿನವೂ ತಪ್ಪದೆ ನಡೆಯುವ ಯಾವುದೋ ಒಂದು ಸಂಗತಿಯ ಬೆನ್ನಿಗೆ ಹೊಸ ಕೆಲಸವನ್ನು ಕಟ್ಟಿದರೆ ಅಭ್ಯಾಸ ಬೇಗ ಕೂಡಿಬರುತ್ತದೆ.

ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತು ಎಲ್ಲ ಕಡೆ ಓಡಾಡುತ್ತಿದೆ. ಅದನ್ನು ನಂಬಿ ಇಪ್ಪತ್ತೆರಡನೆಯ ದಿನ ಕೈಬಿಟ್ಟವರು ಎಷ್ಟೋ ಮಂದಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. ಹೊಸ ಕೆಲಸವೊಂದು ಯೋಚಿಸದೆ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಬೇಕಾಯಿತು. ವ್ಯಕ್ತಿಯಿಂದ ವ್ಯಕ್ತಿಗೆ, ಕೆಲಸದಿಂದ ಕೆಲಸಕ್ಕೆ ಅದು 18 ದಿನದಿಂದ 254 ದಿನದವರೆಗೆ ಹರಡಿತ್ತು. ಊಟದ ಜೊತೆ ನೀರು ಕುಡಿಯುವಂಥದ್ದು ಬೇಗ ಬಂತು, ವ್ಯಾಯಾಮದಂಥದ್ದು ನಿಧಾನವಾಯಿತು. ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಅದೇ ಅಧ್ಯಯನದ ಇನ್ನೊಂದು ಮಾತು: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಧಕ್ಕೆ ಆಗಲಿಲ್ಲ. ಒಂದು ದಿನ ಓದಲಿಲ್ಲ ಎಂದು ವ್ರತಭಂಗವಾದವರ ಹಾಗೆ ಪೂರಾ ಬಿಟ್ಟುಬಿಡಬೇಡಿ.

ಇನ್ನು ಮೊಬೈಲಿನ ಹಿಡಿತದ ಬಗ್ಗೆ. ಪರದೆಯನ್ನು ಕೆಳಗೆ ಸರಿಸಿದಷ್ಟೂ ಹೊಸ ಸರಕು ಬಂದು ಸೇರುವ, ಪುಟಕ್ಕೆ ಕೊನೆಯೇ ಇಲ್ಲದ ವಿನ್ಯಾಸವನ್ನು 2006ರಲ್ಲಿ ರೂಪಿಸಿದವರು ಆಜಾ ರಾಸ್ಕಿನ್. ಅದು ಜನರ ಸಮಯವನ್ನು ನುಂಗಿದ ಬಗೆಯನ್ನು ಕಂಡು ಮುಂದೆ ಅವರೇ ಬಹಿರಂಗವಾಗಿ ವಿಷಾದಿಸಿದ್ದಾರೆ. ಪುಸ್ತಕದಲ್ಲಿ ಕಥೆ ಮುಗಿಯುತ್ತದೆ, ಅಧ್ಯಾಯ ಮುಗಿಯುತ್ತದೆ, ಮುಚ್ಚಿಡಬಹುದು ಎಂದು ಪುಟವೇ ಹೇಳುತ್ತದೆ. ಪರದೆಯಲ್ಲಿ ಆ ನಿಲುಗಡೆಯನ್ನು ಬೇಕೆಂದೇ ತೆಗೆದುಹಾಕಲಾಗಿದೆ. ನಿಮ್ಮಲ್ಲಿ ಮನೋಬಲವಿಲ್ಲ ಎಂದು ನಿಮ್ಮನ್ನೇ ಹಳಿದುಕೊಳ್ಳುವ ಮುಂಚೆ ಇದನ್ನು ನೆನಪಿಡಿ.

ಐರೋಲಿ ಹುಡುಗ | ಸೋಮವಾರ ಬೆಳಿಗ್ಗೆ 7.50

ಎಲ್ಲರೂ ಓದು ದೊಡ್ಡದು, ನೋಡುವುದು ಸಣ್ಣದು ಎಂದು ಮೊದಲೇ ತೀರ್ಮಾನಿಸಿದಂತಿದೆ. ನಾನು ಮೊಬೈಲಿನಲ್ಲೇ ಇತಿಹಾಸದ ಒಳ್ಳೆಯ ವಿಡಿಯೊಗಳನ್ನು ನೋಡುತ್ತೇನೆ, ಹಿಂದೂಸ್ತಾನಿ ಸಂಗೀತ ಕೇಳುತ್ತೇನೆ. ನನ್ನ ಕೆಲಸವೂ ಇಡೀ ದಿನ ಪರದೆಯ ಮುಂದೆಯೇ. ಪುಸ್ತಕದಿಂದ ನನಗೆ ಹೊಸದಾಗಿ ಸಿಗುವುದು ಏನು? ಜಗಳಕ್ಕೆ ಕೇಳುತ್ತಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಿದೆ.

ಡೊಂಬಿವಲಿ ಓದುಗ | ಸೋಮವಾರ ಬೆಳಿಗ್ಗೆ 9.30

ಒಳ್ಳೆಯ ಪ್ರಶ್ನೆ ತಮ್ಮಾ. ಸಂಗೀತ ಕೇಳುವುದನ್ನು ಬಿಡು ಎಂದು ಯಾರೂ ಹೇಳುವುದಿಲ್ಲ.

ವಿಡಿಯೊದಲ್ಲಿ ವೇಗ ಮಾಡಿದವನ ಕೈಯಲ್ಲಿರುತ್ತದೆ, ಓದಿನಲ್ಲಿ ವೇಗ ನಿನ್ನದು. ಒಂದು ವಾಕ್ಯದಲ್ಲಿ ನಿಂತು ಹತ್ತು ನಿಮಿಷ ಕಿಟಕಿಯ ಹೊರಗೆ ನೋಡಿದರೂ ಪುಸ್ತಕ ಅಲ್ಲೇ ಕಾಯುತ್ತದೆ. ಪಾತ್ರದ ಮುಖವನ್ನು, ಮನೆಯನ್ನು, ಧ್ವನಿಯನ್ನು ನೀನೇ ಕಟ್ಟಿಕೊಳ್ಳಬೇಕು. ಆ ಕೆಲಸವೇ ಓದಿನ ಲಾಭ. ನಿನ್ನಂತೆ ಕಂಪನಿಯಲ್ಲಿ ದುಡಿಯುವವರಿಗೆ 1979ರಲ್ಲಿ ಬಂದ ಯಶವಂತ ಚಿತ್ತಾಲರ 'ಶಿಕಾರಿ'ಯನ್ನು ಧೈರ್ಯವಾಗಿ ಹೇಳುತ್ತೇನೆ. ಇದೇ ಮುಂಬಯಿಯ ಕಂಪನಿ ಲೋಕದ ಒಳಗಿನ ಭಯವನ್ನು ಅಷ್ಟು ಹತ್ತಿರದಿಂದ ಬರೆದ ಕಾದಂಬರಿ ಕನ್ನಡದಲ್ಲಿ ಅಪರೂಪ. ಚಿತ್ತಾಲರು ರಾಸಾಯನಿಕ ಉದ್ಯಮದಲ್ಲಿ ನೌಕರಿ ಮಾಡುತ್ತಲೇ, ಬಾಂದ್ರಾದ ಕಡಲ ಎದುರಿನ ಮನೆಯಲ್ಲಿ ಕುಳಿತು ಬರೆದವರು. ಕೆಲಸದ ನಡುವೆ ಅವರಿಗೆ ಬರೆಯುವುದಕ್ಕೆ ಸಮಯ ಸಿಕ್ಕಿತು, ನಮಗೆ ಓದುವುದಕ್ಕಾದರೂ ಸಿಗಬೇಕು.

ಕಲೀನಾ ವಿದ್ಯಾರ್ಥಿನಿ | ಸೋಮವಾರ ಬೆಳಿಗ್ಗೆ 10.10

ಐರೋಲಿಯವರ ಪ್ರಶ್ನೆಗೆ ಇನ್ನೊಂದು ಕಡೆಯಿಂದ ಉತ್ತರ. ಕಾಗದದಲ್ಲಿ ಓದುವುದು, ಪರದೆಯಲ್ಲಿ ಓದುವುದು ಇವೆರಡನ್ನೂ ಹೋಲಿಸಿದ 54 ಅಧ್ಯಯನಗಳನ್ನು, ಅಂದರೆ 1.7 ಲಕ್ಷಕ್ಕೂ ಹೆಚ್ಚು ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿದ ಪರಿಶೀಲನೆಯೊಂದು 2018ರಲ್ಲಿ ಬಂತು. ಮಾಹಿತಿ ಕೊಡುವ ಬರಹವನ್ನು ಕಾಗದದಲ್ಲಿ ಓದಿದವರು ಹೆಚ್ಚು ಅರ್ಥಮಾಡಿಕೊಂಡರು, ಅದರಲ್ಲೂ ಸಮಯದ ಒತ್ತಡ ಇದ್ದಾಗ. ಆದರೆ ಬರೀ ಕಥೆಯಾದರೆ ಅಂಥ ವ್ಯತ್ಯಾಸ ಕಾಣಲಿಲ್ಲ. ಪರದೆಯಲ್ಲಿ ಓದಿದರೆ ಓದೇ ಅಲ್ಲ ಎಂದು ಯಾರಾದರೂ ಹೇಳಿದರೆ ಅದು ಅತಿಯಾಯಿತು.

ಮಾಟುಂಗಾದ ಮಾಸ್ತರ | ಸೋಮವಾರ ಮಧ್ಯಾಹ್ನ 3.20

ಎಲ್ಲವನ್ನೂ ಓದಿದೆ. ಎಲ್ಲರೂ ಒಬ್ಬರೇ ಕುಳಿತು ಓದುವ ಬಗ್ಗೆಯೇ ಮಾತಾಡುತ್ತಿದ್ದೀರಿ. ಈ ಊರಿನಲ್ಲಿ ಕನ್ನಡದ ಓದು ಉಳಿದು ಬಂದದ್ದು ಹಾಗಲ್ಲ.

ಫೋರ್ಟ್ ಭಾಗದ ಕನ್ನಡ ರಾತ್ರಿ ಶಾಲೆಯಲ್ಲಿ ನಾನು ಪಾಠ ಹೇಳಿದವನು. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ಕ್ಯಾಂಟೀನಿನಲ್ಲಿ ಚಹಾ ಕೊಟ್ಟು ಬರುತ್ತಿದ್ದ ಹುಡುಗರು. ಹೆಚ್ಚಿನವರು ಉಡುಪಿ, ಕುಂದಾಪುರ, ಕಾರ್ಕಳದ ಕಡೆಯವರು. ಬೆರಳ ತುದಿ ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು, ಆ ಬೆರಳಿನಲ್ಲೇ ಸಾಲಿನ ಕೆಳಗೆ ಗೆರೆ ಎಳೆದಂತೆ ತೋರಿಸಿಕೊಂಡು ಓದುತ್ತಿದ್ದರು. ಊರಿನಿಂದ ಬಂದ ವಾರಪತ್ರಿಕೆ ಒಂದೇ ಇರುತ್ತಿತ್ತು. ಚೆನ್ನಾಗಿ ಓದುವ ಹುಡುಗ ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಸುತ್ತ ಕುಳಿತು ಕೇಳುತ್ತಿದ್ದರು. ಧಾರಾವಾಹಿ ಕಾದಂಬರಿಯ ಕಂತು ಕೇಳುವ ಆಸೆಗೆ ಶಾಲೆ ತಪ್ಪಿಸದವರೂ ಇದ್ದರು. ಅವರಲ್ಲಿ ಹಲವರು ಮುಂದೆ ಬ್ಯಾಂಕು ಸೇರಿದರು, ವಕೀಲರಾದರು, ಸ್ವಂತ ಹೋಟೆಲು ಮಾಡಿದರು. ಓದಿನ ರುಚಿ ಹತ್ತಿದ್ದು ಪರೀಕ್ಷೆಯ ಪುಸ್ತಕದಿಂದಲ್ಲ, ಒಟ್ಟಿಗೆ ಕೇಳಿದ ಆ ಕಂತುಗಳಿಂದ ಎಂದು ನನ್ನ ದೃಢವಾದ ನಂಬಿಕೆ.

1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ರಾತ್ರಿ ಶಾಲೆ ನಡೆಸಿತು, ಪತ್ರಿಕೆ ನಡೆಸಿತು. ನಮ್ಮ ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದ್ದು. ಊರು ಬಿಟ್ಟು ಬಂದವರು ಹೊಟ್ಟೆಪಾಡಿನ ನಡುವೆಯೇ ಇವನ್ನೆಲ್ಲ ಕಟ್ಟಿದರು. ಅವರಿಗೂ ಸಮಯವಿರಲಿಲ್ಲ.

ನಮ್ಮಲ್ಲಿ ಓದೆಂದರೆ ಮೊದಲಿನಿಂದಲೂ ನಾಲ್ಕು ಜನ ಕೂಡಿ ಕೇಳುವ ಸಂಗತಿಯೇ ಆಗಿತ್ತು. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಮನೆಮನೆಯಲ್ಲಿ ಒಬ್ಬರು ರಾಗವಾಗಿ ವಾಚಿಸುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಅಕ್ಷರ ಬಾರದ ಅಜ್ಜಿಗೂ ಪದ್ಯ ಬಾಯಿಪಾಠ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದ ಚಂದಾದಾರರನ್ನು ಕೂಡಿಸಿಕೊಂಡು ಪುಸ್ತಕ ಪ್ರಕಟಿಸಿತು. ಓದುಗ ಇರುವಲ್ಲಿಗೆ ಪುಸ್ತಕ ಹೋಯಿತು, ಓದುಗರು ಒಬ್ಬರಿಗೊಬ್ಬರು ಜೊತೆಯಾದರು. ಅದಿಲ್ಲದೆ ಒಬ್ಬೊಬ್ಬರೇ ಹಟ ಹಿಡಿದು ಮೊಬೈಲಿನ ಎದುರು ಎಷ್ಟು ದಿನ ನಿಲ್ಲುತ್ತೀರಿ?

ಲೇಡೀಸ್ ಡಬ್ಬಾ | ಸೋಮವಾರ ಸಂಜೆ 6.45

ಮಾಸ್ತರರೇ, ನಮಸ್ಕಾರ. ನಮ್ಮ ತಂದೆ ಅಂಥದ್ದೇ ಒಂದು ರಾತ್ರಿ ಶಾಲೆಯಲ್ಲಿ ಕಲಿತವರು. ಅವರು ಕೊನೆಯವರೆಗೂ ಪತ್ರಿಕೆಯನ್ನು ಗಟ್ಟಿಯಾಗಿಯೇ ಓದುತ್ತಿದ್ದರು. ಅದು ಎಲ್ಲಿಂದ ಬಂದ ರೂಢಿ ಎಂದು ಇವತ್ತು ತಿಳಿಯಿತು.

ನೆರೂಲ್ ಅಮ್ಮ | ಸೋಮವಾರ ರಾತ್ರಿ 9.00

ನನ್ನ ಚಿಂತೆ ಮಕ್ಕಳದ್ದು. ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ. ಕನ್ನಡ ಅಕ್ಷರ ಬಾರದು. ಅವರ ಕೈಯಿಂದ ಟ್ಯಾಬ್ ಕಿತ್ತುಕೊಂಡು ಕನ್ನಡ ಪುಸ್ತಕ ಕೊಟ್ಟರೆ ಏನು ಮಾಡಿಯಾರು? ನಮ್ಮ ಸಂಘಗಳ ಸಭೆಗಳಲ್ಲಿ ಮಕ್ಕಳು ಓದುವುದಿಲ್ಲ ಎಂದು ವರ್ಷಕ್ಕೊಮ್ಮೆ ಮರುಗುತ್ತೇವೆ, ಅಕ್ಷರ ಕಲಿಸುವವರು ಮಾತ್ರ ಕಡಿಮೆ.

ಆದರೆ ಕಲಿಸುವುದು ನಾವು ಹೆದರಿದಷ್ಟು ಕಷ್ಟವಲ್ಲ, ಇದನ್ನು ಅನುಭವದಿಂದ ಹೇಳುತ್ತೇನೆ. ಮರಾಠಿ ಓದಬಲ್ಲ ಮಗುವಿಗೆ ಕ ಖ ಗ ಘ ಎಂಬ ಕ್ರಮ ಮೊದಲೇ ಗೊತ್ತಿರುತ್ತದೆ. ಹಿಂದಿಯವರಿಗೆ ತೊಡಕಾಗುವ 'ಳ' ಕೂಡ ಮರಾಠಿಯಲ್ಲಿ ಇದೆ. ಹೊಸದಾಗಿ ಹೇಳಿಕೊಡಬೇಕಾದದ್ದು ಹ್ರಸ್ವ ಎ, ಹ್ರಸ್ವ ಒ ಮತ್ತು ಅಕ್ಷರಗಳ ಆಕಾರ. ನನ್ನ ಮಗಳು ಆಕಾರಗಳನ್ನು ಬೇಗನೆ ಹಿಡಿದಳು. ಅವಳು ನಿಂತದ್ದು ಒತ್ತಕ್ಷರದಲ್ಲಿ. ಮರಾಠಿಯಲ್ಲಿ ಮೊದಲ ವ್ಯಂಜನ ಅರ್ಧವಾಗಿ ಎರಡನೆಯದಕ್ಕೆ ಅಂಟುತ್ತದೆ, ನಮ್ಮಲ್ಲಿ ಮೊದಲನೆಯದು ಪೂರ್ತಿ ನಿಂತು ಎರಡನೆಯದು ಕೆಳಗೆ ಹೋಗುತ್ತದೆ. 'ಅಕ್ಕಿ' ಎಂದು ಬರೆದಾಗ ಗುಡಿಸು ಇರುವುದು ಮೇಲಿನ ಕಕಾರಕ್ಕೆ, ಆದರೆ ಉಚ್ಚರಿಸುವಾಗ ಅದು ಕೆಳಗಿನ ಕಕಾರ ಮುಗಿದ ಮೇಲೆ ಬರುತ್ತದೆ. ಅವಳು 'ಅಕಿಕ' ಎಂದು ಓದುತ್ತಿದ್ದಳು. ಅಕ್ಕಿ, ಅಕ್ಕ, ಬೆಕ್ಕು, ಹಕ್ಕಿ ಎಂದು ಅಡುಗೆಮನೆಯ ಡಬ್ಬಿಗಳ ಮೇಲೂ ಗೋಡೆಯ ಮೇಲೂ ಚೀಟಿ ಅಂಟಿಸಿದೆವು. ದಿನವೂ ಕಣ್ಣಿಗೆ ಬಿದ್ದು ಬಿದ್ದು ಒಂದು ದಿನ ಆ ಗಂಟು ತಾನಾಗಿ ಬಿಚ್ಚಿತು. ಆಮೇಲೆ ಅವಳನ್ನು ಹಿಡಿಯುವವರಿಲ್ಲ, ಅಗರಬತ್ತಿಯ ಪೊಟ್ಟಣದಿಂದ ಹಿಡಿದು ಮದುವೆಯ ಕರೆಯೋಲೆಯವರೆಗೆ ಎಲ್ಲವನ್ನೂ ಓದಿದಳು.

ಈಗ ರಾತ್ರಿ ಮಲಗುವ ಮುಂಚೆ ಒಂದು ಪುಟ ಅವಳು, ಒಂದು ಪುಟ ನಾನು. ಆ ಹೊತ್ತಿಗೆ ಮನೆಯ ಎಲ್ಲ ಮೊಬೈಲುಗಳೂ ಹಜಾರದಲ್ಲಿ ಚಾರ್ಜಿಗೆ. ಎಲ್ಲ ಎಂದರೆ ಅವರಪ್ಪನದ್ದೂ ಸೇರಿ. ನಾವು ಮೊಬೈಲ್ ಹಿಡಿದು ಕುಳಿತು ಮಕ್ಕಳಿಗೆ ಓದು ಎಂದರೆ ಅವರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಮೀರಾ ರೋಡ್ ಹೋಟೆಲ್ | ಸೋಮವಾರ ತಡರಾತ್ರಿ 1.15

ಮಾಸ್ತರರು ಹೇಳಿದ ಹೋಟೆಲ್ ಈಗ ಬದಲಾಗಿದೆ. ನಾನು ಹೋಟೆಲ್ ನೋಡಿಕೊಳ್ಳುವವನು. ಕೆಲಸದ ಹುಡುಗರಲ್ಲಿ ಕನ್ನಡದವರು ಈಗ ಕೆಲವರೇ, ಉಳಿದವರು ಉತ್ತರ ಪ್ರದೇಶ, ಒಡಿಶಾ, ಬಂಗಾಳದವರು. ಹನ್ನೆರಡೂವರೆಗೆ ಶಟರ್ ಎಳೆದು ಹುಡುಗರು ಮಲಗುವ ಖೋಲಿಗೆ ಹೋದರೆ ಎಲ್ಲರ ಮುಖದ ಮೇಲೂ ನೀಲಿ ಬೆಳಕು. ಎರಡು ಗಂಟೆಯವರೆಗೆ ಹಾಗೇ. ಬೆಳಿಗ್ಗೆ ಏಳುವಾಗ ಕಣ್ಣು ಕೆಂಡ. ಅವರನ್ನು ಬೈಯುವ ಮನಸ್ಸಾಗುವುದಿಲ್ಲ, ಮನೆಯವರ ಮುಖ ನೋಡುವುದೂ ಅದೇ ಮೊಬೈಲಿನಲ್ಲಿ. ನಿದ್ದೆಗೂ ಪರದೆಗೂ ಇರುವ ಸಂಬಂಧ ನಿಜವೇ? ಕಲೀನಾದ ತಂಗಿ ತಿಳಿಸಬೇಕು.

ಕಲೀನಾ ವಿದ್ಯಾರ್ಥಿನಿ | ಮಂಗಳವಾರ ಬೆಳಿಗ್ಗೆ 8.10

ಇದೆ ಅಣ್ಣ. ಅಮೆರಿಕದಲ್ಲಿ ನಡೆದು 2014ರ ಕೊನೆಯಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 12 ಜನರಿಗೆ ಮಲಗುವ ಮುಂಚೆ ಕೆಲವು ರಾತ್ರಿ ಬೆಳಕು ಸೂಸುವ ಪರದೆಯಲ್ಲಿಯೂ ಕೆಲವು ರಾತ್ರಿ ಮುದ್ರಿತ ಪುಸ್ತಕದಲ್ಲಿಯೂ ಓದಲು ಹೇಳಿದ್ದರು. ಪರದೆಯಲ್ಲಿ ಓದಿದ ರಾತ್ರಿ ನಿದ್ದೆ ಬರುವುದು ತಡವಾಯಿತು, ನಿದ್ದೆಗೆ ಸಂಬಂಧಿಸಿದ ಮೆಲಟೋನಿನ್ ಎಂಬ ಹಾರ್ಮೋನು ಕುಗ್ಗಿತು, ಮರುದಿನ ಬೆಳಿಗ್ಗೆ ಮಂಪರು ಹೆಚ್ಚಿತ್ತು. ಸಣ್ಣ ಪ್ರಯೋಗ, ದಿನಕ್ಕೆ ನಾಲ್ಕು ಗಂಟೆ ಓದಿಸಿದ್ದರು, ಅದನ್ನೂ ಹೇಳಬೇಕು. ಆದರೆ ದಿಕ್ಕು ಸ್ಪಷ್ಟವಾಗಿದೆ.

ಮೀರಾ ರೋಡ್ ಹೋಟೆಲ್ | ಮಂಗಳವಾರ ಮಧ್ಯಾಹ್ನ 4.00

ಹಾಗಾದರೆ ಖೋಲಿಯಲ್ಲಿ ಒಂದು ಹಲಗೆ ಹೊಡೆಸಿ ಪುಸ್ತಕ ಇಡುತ್ತೇನೆ. ಕನ್ನಡದ ದೀಪಾವಳಿ ವಿಶೇಷಾಂಕಗಳು ಮನೆಯಲ್ಲಿ ಕಟ್ಟು ಕಟ್ಟಾಗಿ ಇವೆ. ಹಿಂದಿಯ ಪುಸ್ತಕಗಳೂ ಬೇಕು, ಒಡಿಯಾ ಬಂಗಾಳಿ ಎಲ್ಲಿ ಸಿಗುತ್ತವೆ ಎಂದು ಗೊತ್ತಿದ್ದವರು ಹೇಳಿ. ಕನ್ನಡದ ಹುಡುಗರಿಗೆ ಮಾತ್ರ ಕೊಟ್ಟು ಉಳಿದವರನ್ನು ಬಿಡಲು ನನಗೆ ಮನಸ್ಸಿಲ್ಲ.

ಡೊಂಬಿವಲಿ ಓದುಗ | ಮಂಗಳವಾರ ಸಂಜೆ 7.30

ದೀಪಾವಳಿ ವಿಶೇಷಾಂಕ ಎಂದದ್ದು ಬಹಳ ಒಳ್ಳೆಯ ಮಾತು. ಓದು ಬಿಟ್ಟುಹೋದವರು ಮರಳಿ ಶುರುಮಾಡಲು ಅದಕ್ಕಿಂತ ಸರಿಯಾದದ್ದಿಲ್ಲ. ಒಂದು ಕಥೆ, ಎರಡು ಪದ್ಯ, ಒಂದು ಪ್ರವಾಸ ಲೇಖನ, ಬೇಸರವಾದರೆ ಪುಟ ದಾಟಿಸಬಹುದು.

ನಮ್ಮ ಮರಾಠಿ ನೆರೆಯವರನ್ನು ನೋಡಿ. 1909ರಲ್ಲಿ 'ಮನೋರಂಜನ' ಮಾಸಿಕ ಶುರುಮಾಡಿದ ದೀಪಾವಳಿ ಅಂಕದ ಪರಂಪರೆ ಅವರಲ್ಲಿ ಇವತ್ತಿಗೂ ನಡೆದಿದೆ. ನಮ್ಮ ಓಣಿಯ ವಾಚನಾಲಯ ಹಬ್ಬದ ಹೊತ್ತಿಗೆ ಒಂದಿಷ್ಟು ಹಣ ಕಟ್ಟಿಸಿಕೊಂಡು ಎಲ್ಲ ಅಂಕಗಳನ್ನೂ ಸರದಿಯಂತೆ ಸದಸ್ಯರ ಮನೆಗೆ ಕೊಡುತ್ತದೆ. ಪಂಚಗಣಿ ಹತ್ತಿರದ ಭಿಲಾರವನ್ನು 2017ರಲ್ಲಿ ಪುಸ್ತಕಗಳ ಊರು ಎಂದೇ ಮಾಡಿದರು. ಸ್ಟ್ರಾಬೆರಿ ಬೆಳೆಯುವವರ ಮನೆಯ ಪಡಸಾಲೆಗಳಲ್ಲಿ ಕಪಾಟುಗಳಿವೆ, ಯಾರು ಬೇಕಾದರೂ ಹೋಗಿ ಕುಳಿತು ಓದಬಹುದು. ನಮ್ಮ ಕಪಾಟುಗಳು ಎಲ್ಲಿವೆ?

ದೊಡ್ಡ ಅಕ್ಷರ | ಮಂಗಳವಾರ ರಾತ್ರಿ 8.20

ಚಾಳೀಸು ಬಂದು ಬಹಳ ಕಾಲವಾದವರ ಪರವಾಗಿ ಒಂದು ಮಾತು. ಹಳೆಯ ಕನ್ನಡ ಪುಸ್ತಕಗಳ ಅಕ್ಷರ ಸಣ್ಣದು, ಕಾಗದ ಹಳದಿ, ಒತ್ತು ಮತ್ತು ಕೊಂಬು ಕಲೆಸಿಹೋಗಿ ಕಾಣುತ್ತವೆ. ಆಸೆಯಿದ್ದರೂ ಹತ್ತು ಪುಟಕ್ಕೆ ತಲೆನೋವು. ನನಗೆ ಓದನ್ನು ಮರಳಿ ಕೊಟ್ಟದ್ದು ಟ್ಯಾಬ್. ಮೈಲ್ಯಾಂಗ್‌ನಂಥ ಕನ್ನಡದ ಆ್ಯಪ್‌ಗಳಲ್ಲಿ ಇ-ಪುಸ್ತಕವೂ ಇದೆ, ಕೇಳುವ ಪುಸ್ತಕವೂ ಇದೆ. ಅಕ್ಷರವನ್ನು ನನಗೆ ಬೇಕಾದಷ್ಟು ದೊಡ್ಡದು ಮಾಡಿಕೊಳ್ಳುತ್ತೇನೆ. ಕಣ್ಣಿಗೆ ಹಿತವಾದ ಕಿಂಡಲ್‌ಗೆ 2016ರ ಕೊನೆಯಲ್ಲಿ ಹಿಂದಿ, ಮರಾಠಿ, ತಮಿಳು, ಗುಜರಾತಿ, ಮಲಯಾಳಂ ಪುಸ್ತಕಗಳು ಬಂದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ ಎಂಬ ಕೊರಗು ನನಗಿನ್ನೂ ಇದೆ.

ಆ ಟ್ಯಾಬಿನಲ್ಲಿ ಪುಸ್ತಕ ಬಿಟ್ಟು ಬೇರೇನನ್ನೂ ಇಟ್ಟಿಲ್ಲ. ವಾಟ್ಸ್‌ಆ್ಯಪ್ ಇಲ್ಲ, ಯೂಟ್ಯೂಬ್ ತೆಗೆಸಿದ್ದೇನೆ. ಆದ್ದರಿಂದ ಪರದೆಯನ್ನೆಲ್ಲ ಒಟ್ಟಿಗೆ ಬೈಯಬೇಡಿ. ಮುದುಕರನ್ನು ಓದಿನಿಂದ ಹೊರಗಿಡುತ್ತೀರಿ.

ಐರೋಲಿ ಹುಡುಗ | ಮಂಗಳವಾರ ರಾತ್ರಿ 9.15

ಇದು ನನಗೆ ಹಿಡಿಸಿತು. ನನ್ನ ಹಳೆಯ ಟ್ಯಾಬನ್ನು ಹೀಗೆಯೇ ಖಾಲಿ ಮಾಡುತ್ತೇನೆ. ಡೊಂಬಿವಲಿ ಅಣ್ಣ ಹೇಳಿದ ಕಾದಂಬರಿಯ ಮೊದಲ ಪುಟಗಳನ್ನು ಓದಿದೆ, ನಿಧಾನವಾಗಿ ಸಾಗುತ್ತಿದೆ. ನಡುನಡುವೆ ಕೈ ತಾನಾಗಿ ಮೊಬೈಲಿಗೆ ಹೋಗುತ್ತಿದೆ.

ಮಾಟುಂಗಾದ ಮಾಸ್ತರ | ಮಂಗಳವಾರ ರಾತ್ರಿ 9.40

ಹೋಗಲಿ ಬಿಡು ಮಗೂ. ಗಟ್ಟಿಯಾಗಿ ಓದಿ ನೋಡು. ನಾಲಗೆಯೂ ಕಿವಿಯೂ ಕೆಲಸದಲ್ಲಿದ್ದಾಗ ಕೈ ಅಲೆಯುವುದು ಕಡಿಮೆ. ರಾತ್ರಿ ಶಾಲೆಯಲ್ಲಿ ತೂಕಡಿಸುವ ಹುಡುಗನಿಗೇ ನಾನು ಓದಲು ಹೇಳುತ್ತಿದ್ದೆ.

ಸಂಘದ ಕಾರ್ಯಕರ್ತ | ಬುಧವಾರ ಬೆಳಿಗ್ಗೆ 11.00

ನಮ್ಮ ಕಪಾಟುಗಳು ಎಲ್ಲಿವೆ ಎಂದು ಕೇಳಿದಿರಲ್ಲ, ಅದಕ್ಕೆ ಉತ್ತರ ಕೊಡಲು ಬಂದೆ. ನಾನು ಉಪನಗರದ ಒಂದು ಕನ್ನಡ ಸಂಘದಲ್ಲಿ ಕೆಲಸ ಮಾಡುವವನು. ನಮ್ಮಲ್ಲಿ ಗೋದ್ರೇಜಿನ ಕಪಾಟುಗಳಿವೆ. ಒಳಗೆ ಕಾದಂಬರಿ, ನಾಟಕ, ಜೀವನಚರಿತ್ರೆ, ದಾನಿಗಳ ಹೆಸರಿನ ಮೊಹರು ಒತ್ತಿದ ಪುಸ್ತಕಗಳು. ಬೀಗದ ಕೈ ಒಬ್ಬರ ಮನೆಯಲ್ಲಿ, ಪುಸ್ತಕಗಳ ದಾಖಲೆ ವಹಿ ಇನ್ನೊಬ್ಬರ ಮನೆಯಲ್ಲಿ. ನಾಡಹಬ್ಬದ ದಿನ ಕಪಾಟಿಗೂ ಹೂವಿನ ಹಾರ ಹಾಕುತ್ತೇವೆ, ಬಾಗಿಲು ತೆರೆಯುವುದಿಲ್ಲ. ಬಹುಪಾಲು ಸಂಘಗಳ ಕಥೆ ಇದೇ ಇರಬಹುದೆಂದು ನನ್ನ ಅಂದಾಜು.

ನಿನ್ನೆ ಈ ಚರ್ಚೆ ಓದಿದ ಮೇಲೆ ಬೀಗದ ಕೈ ತರಿಸಿ ತೆರೆದೆ. ಕೆಳಗಿನ ಅಂಕಣದಲ್ಲಿ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದಿದೆ. ಕೆಲವು ಪುಸ್ತಕಗಳ ಹಾಳೆಗಳು ಒಂದಕ್ಕೊಂದು ಅಂಟಿವೆ, ಹುಳು ಕೊರೆದ ತೂತು ಮುಖಪುಟದಿಂದ ಕೊನೆಯ ಪುಟದವರೆಗೆ ನೇರವಾಗಿ ಹೋಗಿದೆ. ಹಿಂದೆ ಯಾರೋ ಇಟ್ಟ ನುಸಿಗುಳಿಗೆಗಳು ಕರಗಿ ಬರೀ ವಾಸನೆ ಉಳಿದಿದೆ. ಮೇಲಿನ ಮೂರು ಅಂಕಣಗಳು ಚೆನ್ನಾಗಿವೆ. ಸದಸ್ಯರಿಗೆ ಕೊಟ್ಟ ಕೊನೆಯ ನಮೂದು ವಹಿಯಲ್ಲಿ ಬಹಳ ಹಳೆಯದು. ಅದನ್ನು ನೋಡಿ ಹೊಟ್ಟೆ ಉರಿಯಿತು.

ಕಾರ್ಯದರ್ಶಿಗಳ ಜೊತೆ ಮಾತಾಡಿದ್ದೇನೆ. ಸಭಾಂಗಣದ ಪಕ್ಕದ ಕೋಣೆಯನ್ನು ವಾರಕ್ಕೊಮ್ಮೆ ಕೊಡಲು ಒಪ್ಪಿದ್ದಾರೆ. ಭಾನುವಾರ ಬೆಳಿಗ್ಗೆ ಮಾಡೋಣವೇ?

ಲೇಡೀಸ್ ಡಬ್ಬಾ | ಬುಧವಾರ ಮಧ್ಯಾಹ್ನ 1.30

ಭಾನುವಾರ ಬೆಳಿಗ್ಗೆ ಬೇಡ. ಹನ್ನೊಂದರ ಸುಮಾರಿಗೆ ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಶುರುವಾದರೆ ಸೆಂಟ್ರಲ್ ಲೈನಿನವರು ಬರುವುದೂ ಕಷ್ಟ, ಹಿಂತಿರುಗುವುದೂ ಕಷ್ಟ. ಮೇಲಾಗಿ ಭಾನುವಾರ ಬೆಳಿಗ್ಗೆ ಅಡುಗೆಮನೆಯಿಂದ ಯಾವ ಹೆಂಗಸು ಹೊರಬರುತ್ತಾಳೆ? ಶನಿವಾರ ಸಂಜೆ ಐದಕ್ಕೆ ಇಡಿ. ಎರಡನೆಯ, ನಾಲ್ಕನೆಯ ಶನಿವಾರವಾದರೆ ಬ್ಯಾಂಕಿನವರಿಗೂ ರಜೆ.

ನೆರೂಲ್ ಅಮ್ಮ | ಬುಧವಾರ ಮಧ್ಯಾಹ್ನ 2.10

ಶನಿವಾರವಾದರೆ ಮಗಳನ್ನೂ ಅವಳ ಗೆಳತಿಯರನ್ನೂ ಕರೆತರುತ್ತೇನೆ. ಅಕ್ಷರ ಬಾರದ ಮಕ್ಕಳಿಗೆ ಒಂದು ಮೂಲೆ ಕೊಟ್ಟರೆ ಅರ್ಧ ಗಂಟೆ ನಾನು ಕಲಿಸುತ್ತೇನೆ, ಶುಲ್ಕ ಬೇಡ. ಮರಾಠಿ ಬರುವ ಮಕ್ಕಳಾದರೆ ಇನ್ನೂ ಬೇಗ.

ಡೊಂಬಿವಲಿ ಓದುಗ | ಬುಧವಾರ ರಾತ್ರಿ 8.50

ಎರಡನೆಯ ಮತ್ತು ನಾಲ್ಕನೆಯ ಶನಿವಾರ ಸಂಜೆ ಐದು ಎಂದು ಗೊತ್ತುಮಾಡೋಣ. ಭಾಷಣ ಬೇಡ, ಅಧ್ಯಕ್ಷತೆ ಬೇಡ, ಶಾಲು ಹಾರ ಬೇಡ. ಬಂದವರು ಮೊಬೈಲನ್ನು ಚೀಲದಲ್ಲಿಟ್ಟು ಅರ್ಧ ಗಂಟೆ ತಮ್ಮ ತಮ್ಮ ಪುಸ್ತಕವನ್ನು ಓದುವುದು. ಟ್ಯಾಬಿನಲ್ಲಿ ಪುಸ್ತಕ ಓದುವ ಹಿರಿಯರಿಗೆ ಯಾವ ಅಡ್ಡಿಯೂ ಇಲ್ಲ. ಆಮೇಲೆ ಒಬ್ಬರು ಒಂದು ಕಥೆಯನ್ನು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು. ಮೊದಲ ದಿನ ಮಾಸ್ತರರೇ ಓದಬೇಕೆಂದು ನನ್ನ ಕೋರಿಕೆ. ಹೋಗುವಾಗ ವಹಿಯಲ್ಲಿ ಹೆಸರು ಬರೆದು ಕಪಾಟಿನಿಂದ ಒಂದು ಪುಸ್ತಕ ತೆಗೆದುಕೊಂಡು ಹೋಗಬೇಕು, ಖಾಲಿ ಕೈಯಲ್ಲಿ ಹೋಗುವಂತಿಲ್ಲ.

ಮಾಟುಂಗಾದ ಮಾಸ್ತರ | ಬುಧವಾರ ರಾತ್ರಿ 9.25

ಓದುತ್ತೇನೆ. ಆದರೆ ಎರಡು ಪುಟ ಮಾತ್ರ ನಾನು. ಮುಂದಿನದನ್ನು ಐರೋಲಿಯ ಹುಡುಗ ಓದಬೇಕು.

ಐರೋಲಿ ಹುಡುಗ | ಬುಧವಾರ ರಾತ್ರಿ 9.50

ಬರುತ್ತೇನೆ ಸರ್. ಮನೆಯಲ್ಲಿ ಗಟ್ಟಿಯಾಗಿ ಓದಲು ಶುರುಮಾಡಿದ್ದೇನೆ, ಅಮ್ಮ ಬಂದು ಪಕ್ಕದಲ್ಲಿ ಕುಳಿತು ಕೇಳುತ್ತಿದ್ದಾರೆ. ಅವರನ್ನೂ ಕರೆತರಬಹುದೇ?

ಸಂಘದ ಕಾರ್ಯಕರ್ತ | ಗುರುವಾರ ಬೆಳಿಗ್ಗೆ 10.30

ತಾಯಿಯವರನ್ನು ಖಂಡಿತ ಕರೆದುಕೊಂಡು ಬನ್ನಿ. ಕೋಣೆಯಲ್ಲಿ ಕುರ್ಚಿಗಳಿವೆ, ಫ್ಯಾನ್ ಇದೆ, ಟ್ಯೂಬ್‌ಲೈಟ್ ಹೊಸದು ಹಾಕಿಸುತ್ತಿದ್ದೇನೆ, ದೊಡ್ಡ ಅಕ್ಷರದವರು ಚಿಂತಿಸಬೇಡಿ. ಮೀರಾ ರೋಡಿನ ಅಣ್ಣ, ನಮ್ಮಲ್ಲಿ ಎರಡೆರಡು ಪ್ರತಿ ಇರುವ ಕಥಾಸಂಕಲನಗಳನ್ನು ನಿಮ್ಮ ಹಲಗೆಗೆ ಕೊಡಲು ಕಾರ್ಯದರ್ಶಿಗಳು ಒಪ್ಪಿದ್ದಾರೆ, ಬಂದಾಗ ಒಯ್ಯಿರಿ.

ಈ ವಾರದೊಳಗೆ ಕೆಳಗಿನ ಅಂಕಣದ ಪುಸ್ತಕಗಳನ್ನು ಒಣಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ಗಾಳಿಗೆ ಹರಡಿ, ಹರಿದವುಗಳನ್ನು ಬೇರೆ ಮಾಡಬೇಕಾಗಿದೆ. ಬೈಂಡಿಂಗ್ ಕೆಲಸ ಗೊತ್ತಿರುವವರು, ಅಥವಾ ಒಂದು ಮಧ್ಯಾಹ್ನ ಕೈಜೋಡಿಸಬಲ್ಲವರು ಯಾರಿದ್ದೀರಿ? ಕಂದು ಕಾಗದ, ಅಂಟು, ದಪ್ಪ ದಾರ ನಾನು ತಂದಿಡುತ್ತೇನೆ.